ಆರು ಮನೆಗಳ ಕೈಸಾಕ್ಷಿ

ರಾಯಚೂರು
ತಂಪುಮನೆಗಳ ಅರವತ್ತನಾಲ್ಕನೇ ವರ್ಷ, ಎರಡನೇ ಬೇಸಿಗೆಯ ಮೂವತ್ತೊಂಬತ್ತನೇ ದಿನ

ಜಾಲತಾಣ ಕಟ್ಟುವವರಿಗೆ ಬೇಕಾದ ವೆಬ್ ಫ್ರೇಮ್‌ವರ್ಕ್ ಬರೆಯುತ್ತಿರುವ ನಿಮಗೆ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು, ನಾನಿರುವುದು ನಿಮ್ಮ ಕಾಲದ ಎಷ್ಟೋ ವರ್ಷ ಆಚೆ. ನನ್ನ ಕೆಲವು ಮಾತುಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಾನು ಅಂಬಮ್ಮ, ಇಲ್ಲಿನ ದಾರಿಗಿತ್ತಿ. ಜನ ತುಂಬಿದ ಅರ್ಜಿಗಳು ಸರಿಯಾದ ಕಡೆ ಮುಟ್ಟುತ್ತವೆಯೇ ಎಂದು ನೋಡುವುದು ನನ್ನ ಕೆಲಸ. ನಿಮ್ಮ ಫ್ರೇಮ್‌ವರ್ಕಿಗೆ ತೇಪೆ ಹಾಕಿಕೊಂಡು ಇನ್ನೂ ನಡೆಸುತ್ತಿದ್ದೇವೆ.

ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದರಲ್ಲಿ ಮುದುಕರು, ಬಾಣಂತಿಯರು, ಕಾಯಿಲೆಯವರು ನೆಲದಡಿಯ ತಂಪುಮನೆಗೆ ಇಳಿಯುತ್ತಾರೆ. ಅಲ್ಲಿ ಮಂಚ ಬೇಕೆಂದರೆ ಪರದೆಯ ಮೇಲೆ ಅರ್ಜಿ ತುಂಬಬೇಕು, ಓಣಿಯವರೊಬ್ಬರು ಪಕ್ಕದಲ್ಲಿ ನಿಂತು ಅಂಗೈ ಒತ್ತಬೇಕು. ಇದಕ್ಕೆ ಕೈಸಾಕ್ಷಿ ಎನ್ನುತ್ತೇವೆ. ಅರ್ಜಿ ಮುಟ್ಟಲಿ ಬಿಡಲಿ, ಒಂದು ಮನೆಯವರು ಒಂದು ಬೇಸಿಗೆಗೆ ಒಂದೇ ಸಲ ಕೊಡಬಹುದು.

ಇಲ್ಲಿನ ಅಯ್ಯಮ್ಮನಿಗೆ ಎಪ್ಪತ್ತೊಂದು ವರ್ಷ. ಹಾಸಿಗೆ ಹಿಡಿದ ತಂಗಿ ಹುಲಿಗೆಮ್ಮನಿಗಾಗಿ ಅರ್ಜಿ ತುಂಬಿದರು. ಕಳಿಸಲು ಒತ್ತಿದರೆ ಅದೇ ನಮೂನೆ ಖಾಲಿಯಾಗಿ ಮತ್ತೆ ಎದುರಿಗೆ ಬಂತು. ಏನು ತಪ್ಪಾಯಿತೆಂದು ಒಂದು ಮಾತಿಲ್ಲ. ಮೂರನೇ ಸಲ ಹೀಗಾದಾಗ ನನ್ನ ಹತ್ತಿರ ಬಂದರು. ನನ್ನ ದಾಖಲೆಯಲ್ಲಿ ಎಲ್ಲ ಸರಿ ಎಂದೇ ಇತ್ತು. ಕನ್ನಡಕ ಹಾಕಿಕೊಂಡು ನಿಧಾನವಾಗಿ ತುಂಬಿ ಎಂದು ಕಳಿಸಿಬಿಟ್ಟೆ. ನೆನೆಸಿಕೊಂಡರೆ ಇಂದಿಗೂ ನಾಚಿಕೆಯಾಗುತ್ತದೆ. ಆರು ಮನೆಯವರನ್ನು ಕರೆದು, ಆರೂ ಸಲ ಅವರೆದುರು ದಡ್ಡಿ ಎನಿಸಿಕೊಂಡು, ಏಳನೆಯವರನ್ನು ಕೇಳಲು ಬಾಯಿ ಬಾರದೆ ಅಯ್ಯಮ್ಮ ಅರ್ಜಿಯನ್ನೇ ಕೈಬಿಟ್ಟರು. ತಂಗಿಗೆ ಒದ್ದೆ ಬಟ್ಟೆ ಹೊದಿಸಿ ಪಕ್ಕದಲ್ಲಿ ಕೂತರು.

ಹುಲಿಗೆಮ್ಮನಿಗೆ ಜ್ವರ ಏರಿದೆಯೆಂದು ಕೇಳಿ ಮತ್ತೆ ಹುಡುಕಿದೆ. ನಿಮ್ಮ ಫ್ರೇಮ್‌ವರ್ಕಿನೊಳಗೆ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಕೋಡಿನ ಸಾಲೊಂದಿತ್ತು. ಅದು ಜನರನ್ನೇನೋ ಕರೆದೊಯ್ಯುತ್ತಿತ್ತು, ಅವರು ತುಂಬಿದ್ದನ್ನು ಮಾತ್ರ ಹಳೆ ಬಾಗಿಲಲ್ಲೇ ಬಿಟ್ಟುಬಿಡುತ್ತಿತ್ತು. ತುಂಬಿದ್ದು ನೇರ ಹೊಸ ಬಾಗಿಲಿಗೇ ಹೋಗಲೆಂದು ನಮೂನೆಗೇ ಹೊಸ ವಿಳಾಸ ಕೊಟ್ಟೆ. ನಾನೂ ಅದೇ ಓಣಿಯವಳು. ಏಳನೇ ಕೈಸಾಕ್ಷಿ ನನ್ನದಾಯಿತು. ಸಂಜೆಯೊಳಗೆ ಹುಲಿಗೆಮ್ಮ ತಂಪಿಗಿಳಿದರು.

ತಪ್ಪು ನಿಮ್ಮದಲ್ಲ ಎಂದು ಅಯ್ಯಮ್ಮನಿಗೆ ಹೇಳಿದೆ. "ಹಂಗಾರ ಬಾರವ್ವ, ಇದನ್ನ ಆರೂ ಮನಿಗಿ ಬಂದು ಹೇಳು" ಎಂದರು. ಮರುದಿನ ಉರಿಬಿಸಿಲಲ್ಲಿ ನನ್ನ ಕೈ ಹಿಡಿದು ಕರೆದೊಯ್ದರು. ಆರು ಬಾಗಿಲಲ್ಲೂ ನಿಂತು ಹೇಳಿದೆ.

ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ಆ ಸಾಲು ಬರೆಯುವಾಗ ನಿಮಗೂ ಅವಸರವಿದ್ದೀತು, ತಲೆನೋವಿದ್ದೀತು. ಒಂದೇ ಕೋರಿಕೆ. ಅರ್ಜಿ ದಾರಿಯಲ್ಲಿ ಬಿದ್ದುಹೋದರೆ, ಆ ಖಾಲಿ ನಮೂನೆಯ ಮೇಲೆ ತಪ್ಪು ನಮ್ಮದು ಎಂದು ದೊಡ್ಡದಾಗಿ ಬರೆಯಿರಿ. ತುಂಬಿದವರ ಪಕ್ಕದಲ್ಲಿ ಓಣಿಯವರು ನಿಂತು ನೋಡುತ್ತಿರುತ್ತಾರೆ.

ಅಂಬಮ್ಮ