ಸುಲೋಚನೆಯ ಅಲಂಕಾರ ಪಾಠ

ದೇವಸಮುದ್ರ
೧೪-೧೧-೧೯೧೨

ಗೆಳೆಯ ಚಿತ್ತಪ್ಪನಿಗೆ ಜಂಬುಲಿಂಗಪ್ಪನ ನಮಸ್ಕಾರ.

ನಾವೆಲ್ಲ ಇಲ್ಲಿ ಕ್ಷೇಮ. ನೀವೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಬೈದುಕೊಂಡಿರುತ್ತೀಯ, ಬೈದುಕೋ. ನನ್ನ ತಲೆ ಚಿಟ್ಟು ಹಿಡಿದುಹೋಗಿದೆ. ಕಾರಣ ನನ್ನ ತಂಗಿ ಸುಲೋಚನ.

ಗಂಡ ತೀರಿಕೊಂಡು ಅವಳು ನಮ್ಮ ಮನೆಗೆ ಬಂದು ನಾಲ್ಕು ವರ್ಷವಾಯಿತಲ್ಲ. ಸಂಕ್ರಾಂತಿ ಕಳೆದ ಮೇಲೆ ದುರ್ಗದಲ್ಲಿ ಉಪಾಧ್ಯಾಯಿನಿಯರ ಪರೀಕ್ಷೆ. ಪಾಸಾದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ; ಇಲ್ಲವಾದರೆ ಜೀವಮಾನವೆಲ್ಲ ನನ್ನ ಹೆಂಡತಿಯ ಒಲೆ ಮುಂದೆ ಮುದ್ದೆ ತೊಳಸುವುದು. ಗಣಿತ, ಭೂಗೋಳ ಪರವಾಗಿಲ್ಲ. ಕೆಟ್ಟದ್ದು ಅಲಂಕಾರದ ಪಾಠದಲ್ಲಿ.

ಉಪಮೆಗೆ ನಾಲ್ಕು ಅಂಗವೆಂದು ಹೇಳಿಕೊಟ್ಟೆ: ವರ್ಣಿಸುವ ವಸ್ತು, ಹೋಲಿಕೆಗೆ ತಂದ ವಸ್ತು, ಎರಡಕ್ಕೂ ಸಮಾನವಾದ ಗುಣ, 'ಅಂತೆ' ಎಂಬ ಮಾತು. ಒಂದನ್ನು ಬಿಟ್ಟರೆ ಅದು ಲುಪ್ತೋಪಮೆ. ಇಷ್ಟೇ. ಬಾಯಿಪಾಠ ಮಾಡಿ ಬರೆದು ಬಂದರೆ ಆಯಿತು. ಇವಳೋ, ಆ ಒಂದನ್ನು ಯಾಕೆ ಬಿಟ್ಟರು ಎಂದು ಹಿಡಿದಳು. ಛಂದಸ್ಸಿಗೆ ಹೊಂದಲಿಲ್ಲ, ಬಿಟ್ಟರು ಎಂದೆ. ಒಪ್ಪಲೇ ಇಲ್ಲ. ಮಂತ್ರಿಯೊಬ್ಬ ರಾಜನನ್ನು ಕಲ್ಪವೃಕ್ಷವೆಂದು ಹೊಗಳುವ ಪದ್ಯ ಕೊಟ್ಟು ಅಲಂಕಾರ ಯಾವುದೆಂದರೆ, ಆವತ್ತು ಮಂತ್ರಿಗೆ ರಾಜನಿಂದ ಏನಾಗಬೇಕಿತ್ತು ಎಂದು ನನ್ನನ್ನೇ ಕೇಳುತ್ತಾಳೆ. ರೂಪಕ ಅಂತ ಬರಿಯೇ ತಾಯಿ ಎಂದು ಗದರಿದೆ. ಬರೆದಳು. ಕೆಳಗೆ, ಮಂತ್ರಿಯ ಹೊಲಕ್ಕೆ ಕಂದಾಯ ಮಾಫಿಯಾಗಿರಬೇಕು ಎಂದೂ ಸೇರಿಸಿದಳು.

ಇದಕ್ಕೆ ಪರೀಕ್ಷಕರು ಸೊನ್ನೆ ಸುತ್ತುತ್ತಾರೆಂದು ಕೂಗಾಡಿ ಸ್ಲೇಟು ಎಸೆದೆ. ಮೂಲೆ ಒಡೆಯಿತು. ನನ್ನ ಹೆಂಡತಿ ಮೂಗಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಮೂರು ದಿನವಾಯಿತು, ಪಾಠವಿಲ್ಲ. ನನ್ನಿಂದ ಆಗುವುದಿಲ್ಲ ಚಿತ್ತಪ್ಪ. ನಿನಗೆ ತಾಳ್ಮೆಯಿದೆ. ಈ ಎರಡು ತಿಂಗಳು ಅವಳನ್ನು ನಿಮ್ಮ ಮನೆಯಲ್ಲಿಟ್ಟುಕೊಂಡು ಓದಿಸು. ನಾಳೆ ಬೋರಯ್ಯಮಾವನ ಗಾಡಿ ನಿಮ್ಮ ಪರಶುರಾಂಪುರಕ್ಕೆ ಹೊರಟಿದೆ, ಅದರಲ್ಲೇ ಕಳಿಸುತ್ತಿದ್ದೇನೆ. ನಿನ್ನನ್ನು ಮೊದಲು ಕೇಳಬೇಕಿತ್ತು, ಪುರುಸೊತ್ತಾಗಲಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ
ಜಂಬುಲಿಂಗ

ತಾ.ಕ.: ಪಾಠ ನಿಂತದ್ದು ಸ್ಲೇಟಿನ ದೆಸೆಯಿಂದಲ್ಲ. ಮೊನ್ನೆ ಅವಳು ತೀರಿಹೋದ ಅಪ್ಪನ ಪೆಟ್ಟಿಗೆಯಿಂದ ಹಳೆಯ ಕಾಗದವೊಂದನ್ನು ತಂದು ನನ್ನ ಮುಂದಿಟ್ಟಳು. ಏಳು ವರ್ಷದ ಹಿಂದೆ ಚಳ್ಳಕೆರೆಯಿಂದ ನಾನೇ ಅಪ್ಪನಿಗೆ ಬರೆದದ್ದು, ಅವಳಿಗೆ ಗೊತ್ತುಮಾಡಿದ ಗಂಡಿನ ವಿಚಾರ. ಮೇರುವಿನಂಥ ಸ್ಥೈರ್ಯ, ಚಂದ್ರನಂಥ ಮುಖ ಎಂದೆಲ್ಲ ಹೊಗಳಿದ್ದೆ. ಒಂದೊಂದರ ಪಕ್ಕದಲ್ಲೂ ಅಲಂಕಾರದ ಹೆಸರು ಬರೆದಿದ್ದಳು. ಒಂದೂ ತಪ್ಪಿರಲಿಲ್ಲ.

"ಅವರ ಕೆಮ್ಮು ಇದರಾಗೆ ಎಲ್ಲೈತೆ ಅಣ್ಣಯ್ಯ?" ಎಂದಳು.

ಮದುವೆಗೆ ಮೊದಲೇ ಅವನ ಹೆಗಲ ವಸ್ತ್ರದಲ್ಲಿ ರಕ್ತ ಕಂಡಿದ್ದೆ, ಚಿತ್ತಪ್ಪ. ಆ ಕೆಮ್ಮಿನಿಂದಲೇ ಅವನು ಸತ್ತದ್ದು. ನನಗೆ ಈ ಮೇಷ್ಟರ ಕೆಲಸ ಕೊಡಿಸುತ್ತೇನೆಂದು ಅವನ ಸೋದರಮಾವ ಮಾತು ಕೊಟ್ಟಿದ್ದ, ಅದಕ್ಕೆ ಬರೆದೆ. ಮುಖ ನೋಡಿ ಇದನ್ನು ಹೇಳುವ ಧೈರ್ಯ ನನಗಿಲ್ಲ. ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ.