ದ್ರಾಕ್ಷಿ ಕಾಯುವ ಕಳ್ಳ

ಬಿಶಾಲ ಗ್ರಾಮ, ಬಿರಿರ್ ಕಣಿವೆ
೨ ಅಕ್ಟೋಬರ್ ೧೯೮೮
(ದ್ರಾಕ್ಷಿ ಹಬ್ಬಕ್ಕೆ ಹನ್ನೊಂದು ದಿನ ಮೊದಲು)

ದ್ರೋಶ್ ಪಟ್ಟಣದ ಮರದ ಮಿಲ್ಲನ್ನು ಒಬ್ಬನೇ ಹೊತ್ತು ನಿಂತಿರುವ ಅಣ್ಣ ಶೇರ್ಬೇಗನಿಗೆ, ತಮ್ಮ ಉನತ್ ಮಾಡುವ ವಂದನೆಗಳು.

ಮೂರು ವರ್ಷ ನಿನಗೆ ಒಂದು ಸಾಲೂ ಬರೆಯಲಿಲ್ಲ. ಪೆನ್ನು ಸಿಗಲಿಲ್ಲ ಎಂದು ಹೇಳೋಣವೆಂದುಕೊಂಡೆ. ಆದರೆ ಮೇಷ್ಟ್ರ ಜೇಬಿನಲ್ಲಿ ಸದಾ ಒಂದು ಇರುತ್ತದೆಂಬುದೂ ಅದನ್ನು ಎಗರಿಸುವುದು ನನಗೆ ನೀರು ಕುಡಿದಷ್ಟು ಸುಲಭವೆಂಬುದೂ ನಿನಗೆ ಗೊತ್ತು. ಆದ್ದರಿಂದ ಕಾರಣ ಹೇಳುವುದಿಲ್ಲ, ಕ್ಷಮಿಸು. ಅಪ್ಪ ಮೇಕೆಗಳ ಜೊತೆ ಇನ್ನೂ ಮೇಲಿನ ಹುಲ್ಲುಗಾವಲಿನಲ್ಲಿದ್ದಾನೆ. ಅಜ್ಜಿಯ ಕಣ್ಣಿಗೆ ಈಚೆಗೆ ಮಂಜು ಕವಿದಿದೆ, ನಾಲಿಗೆ ಮಾತ್ರ ಸಾಣೆ ಹಿಡಿದಂತಿದೆ. ನೀನು ಈ ಹಬ್ಬಕ್ಕಾದರೂ ಬರಬೇಕೆಂದು ಅವಳಿಗೆ ಆಸೆ. ನನಗೂ. ಈ ಕಾಗದ ಅದಕ್ಕೇ.

ಇನ್ನು ಮುಂದಿನದನ್ನು ಎದ್ದು ನಿಂತು ಓದತಕ್ಕದ್ದು. ಈ ವರ್ಷದ ರೋಯಿ ನಾನು. ಹಬ್ಬದ ದಿನದವರೆಗೆ ಯಾರೂ ದ್ರಾಕ್ಷಿ, ಅಕ್ರೋಟು ಮುಟ್ಟದಂತೆ ಕಾಯುವ, ಮುಟ್ಟಿದವರಿಗೆ ದಂಡ ಹಾಕುವ ಮಹಾಪದವಿ, ಮೂರು ವರ್ಷದ ಹಿಂದೆ ನಿನಗಿದ್ದದ್ದು, ಈಗ ನನ್ನ ಹೆಗಲೇರಿದೆ. ನನ್ನ ಹೆಸರು ಕೇಳಿ ಹಿರಿಯರೆಲ್ಲ ಕೆಮ್ಮಿದರು. ಬರಮನ್ ಮುದುಕ ಮಾತ್ರ ಗಡ್ಡ ಕೆರೆದುಕೊಂಡು, "ಇವನನ್ನೇ ಕಾವಲಿಗೆ ಹಾಕಿ, ಕದಿಯೋಕೆ ಊರಲ್ಲಿ ಇನ್ಯಾರೂ ಉಳಿಯಲ್ಲ" ಎಂದ. ಕೆಮ್ಮಿದವರೇ ತಲೆಯಾಡಿಸಿದರು.

ಅಧಿಕಾರ ವಹಿಸಿಕೊಂಡ ಮೂರನೇ ದಿನ ಒಂದು ಹೋತವನ್ನು ವಿಚಾರಣೆಗೆ ಗುರಿಪಡಿಸಿದೆ. ಬಾಯಲ್ಲಿ ಬಳ್ಳಿ ನೇತಾಡುತ್ತಿದ್ದರೂ ಆರೋಪಿ ತಪ್ಪೊಪ್ಪಿಕೊಳ್ಳಲಿಲ್ಲ. ಯಜಮಾನನಿಗೆ ಒಂದು ಗಿಣ್ಣಿನ ಮುದ್ದೆ ದಂಡ. ಎರಡನೆಯ ಆರೋಪಿ ನಮ್ಮ ಅಜ್ಜಿ.

"ಅಜ್ಜೀ, ಕೈ ತೋರಿಸು."

"ಯಾಕೋ, ಭವಿಷ್ಯ ಹೇಳ್ತೀಯಾ?"

"ಬೆರಳೆಲ್ಲ ಕಪ್ಪು. ಹಸಿ ಅಕ್ರೋಟು ಸುಲಿದಿದ್ದೀಯ. ಎರಡು ರೊಟ್ಟಿ ದಂಡ."

"ಕೊಡ್ತೀನಿ ಮಾರಾಯ, ಬೇಕಾದ್ರೆ ಮೂರು ತಗೋ. ಶೇರ್ಬೇಗ ಕಾವಲಿದ್ದ ವರ್ಷದ ದಂಡ ಯಾರು ಕೊಡ್ತಾರೆ, ಅದನ್ನ ಹೇಳು."

ಆ ವರ್ಷದ್ದು ನಿನಗೆ ನೆನಪಿಸಬೇಕಾಗಿಲ್ಲ ಅಣ್ಣ. ಆದರೂ ಬರೆಯುತ್ತೇನೆ, ನನ್ನ ಕೈಯಲ್ಲಿ ಬರೆಯುವುದು ಒಳ್ಳೆಯದು. ದೊಡ್ಡ ಅಕ್ರೋಟು ಮರಕ್ಕೆ ಹಬ್ಬಿದ ಬಳ್ಳಿಯಿಂದ ಹಬ್ಬಕ್ಕೆ ಮೊದಲೇ ಗೊಂಚಲುಗಳು ಕಾಣೆಯಾಗಿದ್ದವು. ಹಿರಿಯರೆದುರು ನೀನು ಟೋಪಿ ತೆಗೆದಾಗ ಅದರಿಂದ ದ್ರಾಕ್ಷಿ ತೊಟ್ಟುಗಳು ಉದುರಿದವು. ಅದೇ ದಿನ ಆಲಿಕಲ್ಲು ಬಿದ್ದು ಇಡೀ ಕಣಿವೆಯ ಬೆಳೆ ಹೋಯಿತು. ಕಾಯುವವನೇ ತಿಂದ, ದೇವರು ಮುನಿದ ಎಂದರು. ನೀನು ಒಂದು ಮಾತೂ ಆಡದೆ ಜೀಪು ಹತ್ತಿದೆ.

"ಅದು ಮುಗಿದ ಕಥೆ ಅಜ್ಜಿ" ಎಂದೆ.

"ಕೆಳಗಿನ ಗೊಂಚಲು ಒಂದೂ ಹೋಗಿರ್ಲಿಲ್ಲ ಕಣೋ. ನೆತ್ತೀಲಿರೋವೇ ಹೋಗಿದ್ದು. ಶೇರ್ಬೇಗ ಮಾಳಿಗೆ ಏಣಿ ಹತ್ತೋಕೂ ಕಣ್ಣು ಮುಚ್ಕೊಳ್ಳೋನು. ಅವನು ಹತ್ತಿದ್ನಾ ಅಲ್ಲಿಗೆ?"

ದಂಡದ ಮಾತು ಬಿಟ್ಟು ಅವಳ ಪಕ್ಕ ಕುಳಿತೆ. "ಮೂರು ವರ್ಷದಿಂದ ಗೊತ್ತಿತ್ತಾ?"

"ಕಣ್ಣು ಮಂಜಾಗಿದ್ದು ಈ ವರ್ಷ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ನಿನ್ನ ಬೆನ್ನು ಮುರೀತಿದ್ರು, ಅಷ್ಟೇ. ನೀನೇ ಹೇಳಿದ್ರೆ ಅವನು ಮನೆಗೆ ಬರ್ತಾನೆ. ಕಾದು ಕಾದು ನಂಗೂ ಸಾಕಾಯ್ತು. ತಗೋ ನಿನ್ನ ರೊಟ್ಟಿ."

ಮರುದಿನ ಬೆಳಗ್ಗೆ ಕುಣಿತದ ಅಂಗಳದಲ್ಲಿ ಹಿರಿಯರು ಬಿಸಿಲು ಕಾಯಿಸಿಕೊಳ್ಳುತ್ತಿದ್ದಾಗ ಹೋಗಿ ನಿಂತೆ. "ಹಳೆಯ ಕಳ್ಳನೊಬ್ಬ ಸಿಕ್ಕಿದ್ದಾನೆ" ಎಂದು ಅಧಿಕಾರವಾಣಿಯಲ್ಲಿ ಸಾರಿದೆ.

"ಯಾರಪ್ಪ?"

"ರೋಯಿ."

"ಹಿಡಿದೋನ ಹೆಸರಲ್ಲವೋ, ಸಿಕ್ಕೋನ ಹೆಸರು ಹೇಳು."

"ಅದೇ ಹೇಳ್ತಿದ್ದೀನಿ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನನ್ನ ಕಷ್ಟ ನೋಡು, ಸುಳ್ಳು ಹೇಳಿದರೆ ನಂಬುವ ಜನ ನಿಜ ಹೇಳಿದರೆ ನಗುತ್ತಾರೆ. ಎರಡನೆಯ ಸಲ ಹೇಳಿದೆ, ಅರ್ಧ ಜನ ನಕ್ಕರು. ಮೂರನೆಯ ಸಲ ಆ ಬಳ್ಳಿ ಹತ್ತಿದ್ದು ನಾನು, ತಿಂದದ್ದು ನಾನು, ಅಣ್ಣ ಒಂದು ಹಣ್ಣೂ ಮುಟ್ಟಿರಲಿಲ್ಲ ಎಂದಾಗ ಯಾರೂ ನಗಲಿಲ್ಲ.

ಬರಮನ್ ಕೋಲೂರಿ ಎದ್ದು ನಿಂತ. ಆಮೇಲೆ, "ಆಲಿಕಲ್ಲು ಅವನಿಂದ ಬಿತ್ತು ಅಂತ ಮೊದಲು ಕೂಗಿದ್ದು ನಾನು" ಎಂದ. "ನಿನ್ನ ದಂಡ ನೀನು ಕೊಡು. ಆ ಮಾತನ್ನ ನಾನು ವಾಪಸ್ ತಗೋಬೇಕು, ಅವನ ಮುಖ ನೋಡ್ಕೊಂಡು. ಬಾ ಅಂತ ಅವನಿಗೆ ಕಾಗದ ಬರಿ."

"ಕಾವಲು ಬೇರೆಯವರಿಗೆ ಕೊಡೋಣವೇ?" ಎಂದು ಯಾರೋ ಕೇಳಿದರು. "ಬೇಡ" ಎಂದ ಮುದುಕ, "ಇವತ್ತು ಇವನ ಮುಖ ನೋಡಿದ್ರೆ ಹತ್ತು ವರ್ಷ ದ್ರಾಕ್ಷಿ ತಿನ್ನೋ ಹಾಗೆ ಕಾಣಲ್ಲ."

ದಂಡಕ್ಕೆ ನನ್ನ ಚುಕ್ಕೆ ಮೇಕೆ ಹೋಯಿತು. ದಂಡದ ಮಾಂಸದಲ್ಲಿ ಕಾವಲುಗಾರನಿಗೂ ಪಾಲುಂಟಲ್ಲ, ಹೀಗಾಗಿ ನನ್ನ ದಂಡವನ್ನು ನಾನೇ ತಿನ್ನುವ ಗೌರವ ಒದಗಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ನನ್ನ ಪಾಲನ್ನೂ ಬರಮನನೇ ಮುಗಿಸಿದ.

ಈ ಸಲ ಬಳ್ಳಿಗಳು ಬಗ್ಗಿ ನಿಂತಿವೆ. ನೀನು ಹೋದಾಗಿನಿಂದ ನಮ್ಮ ಮನೆಯ ದ್ರಾಕ್ಷಿಯನ್ನು ರಸಕ್ಕೆ ನಾನೊಬ್ಬನೇ ತುಳಿಯುತ್ತಿದ್ದೇನೆ, ಒಬ್ಬ ತುಳಿದರೆ ತೊಟ್ಟಿಯಲ್ಲಿ ಅರ್ಧ ಹಾಗೇ ಉಳಿಯುತ್ತದೆ. ಅಜ್ಜಿ ಹೇಳಿ ಬರೆಸುತ್ತಿದ್ದಾಳೆ: ನಿನ್ನ ದಾರಿಗೆ ಮೇಲಿಂದ ಕಲ್ಲು ಉರುಳದಿರಲಿ, ನದಿ ಸೇತುವೆಯನ್ನು ಬಿಟ್ಟುಕೊಡಲಿ, ನಿನ್ನ ಹೊಟ್ಟೆ ಹಸಿದೇ ಮನೆ ಮುಟ್ಟಲಿ. ನಿನಗೆಂದೇ ಅಕ್ರೋಟು ರೊಟ್ಟಿ ತಟ್ಟುವಳಂತೆ.

ಇಂತಿ,
ಬಿರಿರ್ ಕಣಿವೆಯ ಸಮಸ್ತ ದ್ರಾಕ್ಷಿ ಅಕ್ರೋಟುಗಳ ಪರಮ ರಕ್ಷಕನೂ ದಂಡಿತ ಅಪರಾಧಿಯೂ ಆದ
ನಿನ್ನ ತಮ್ಮ
ಉನತ್

ಮರೆತದ್ದು: ಮರೆತಿರಲಿಲ್ಲ. ಕದ್ದದ್ದನ್ನು ಎಲ್ಲರ ಮುಂದೆ ಹೇಳಿದೆ, ಇದನ್ನು ಹೇಳಲಿಲ್ಲ. ನೀನು ಕಾಲುವೆಯಲ್ಲಿ ಮುಖ ತೊಳೆಯುತ್ತಿದ್ದಾಗ ಟೋಪಿಯೊಳಗೆ ತೊಟ್ಟುಗಳನ್ನು ಇಟ್ಟವನು ನಾನು. ರೋಯಿಯಾದ ಮೇಲೆ ನೀನು ತುಂಬ ಗಂಭೀರವಾಗಿಬಿಟ್ಟಿದ್ದೆ, ಒಂದು ದಿನ ಊರು ನಿನ್ನನ್ನು ನೋಡಿ ನಗಲಿ, ಸಂಜೆಗೆ ಒಪ್ಪಿಕೊಂಡರಾಯಿತು ಎಂದುಕೊಂಡಿದ್ದೆ. ಸಂಜೆಗೆ ಮೊದಲೇ ಆಲಿಕಲ್ಲು ಬಿತ್ತು. ತೊಟ್ಟುಗಳು ಉದುರಿದಾಗ ನೀನು ಹಿರಿಯರನ್ನು ನೋಡಲಿಲ್ಲ, ನೇರ ನನ್ನನ್ನು ನೋಡಿದೆ. ಆಗ ನಾನು ನಗುತ್ತಿದ್ದೆ. ನಿನಗೆ ಎಲ್ಲ ಗೊತ್ತಾಯಿತು, ಆದರೂ ನನ್ನ ಹೆಸರು ಹೇಳಲಿಲ್ಲ. ಹಬ್ಬದ ಹಿಂದಿನ ಬುಧವಾರದ ಜೀಪಿಗೆ ಸೇತುವೆಯ ಬಳಿ ನಿಂತಿರುತ್ತೇನೆ. ನನ್ನ ಜೊತೆ ಮಾತಾಡಲೇಬೇಕೆಂದಿಲ್ಲ. ನಿನ್ನ ಚೀಲ ನನ್ನ ಕೈಗೆ ಕೊಡು, ಹೊತ್ತುಕೊಂಡು ಹಿಂದಿನಿಂದ ಬರುತ್ತೇನೆ.