ಬೂಟಿನ ಸುಣ್ಣ

ಮಾರ್ಚ್ 3, ಬೆಳಗ್ಗೆ

ಫುಟ್‌ಬಾಲ್ ಪ್ರಾಕ್ಟೀಸ್ ಮುಗಿಯಿತು. ಎಂದಿನಂತೆ ಅಂಚಿನಲ್ಲಿ ಓಡುವ ವಿಂಗರ್‌ಗಳ ಬೂಟು ನೋಡಿದೆ. ಮೈದಾನದ ಅಂಚಿನ ಗೆರೆಯ ಸುಣ್ಣ ಅದಕ್ಕೆ ಮೆತ್ತಿರಬೇಕು. ನನ್ನ ಕಾಲದ ಕೋಚ್ ಇಟ್ಟ ಪರೀಕ್ಷೆ ಇದು: ಸುಣ್ಣ ಇಲ್ಲ, ಮ್ಯಾಚಿಲ್ಲ. ಇಪ್ಪತ್ತು ವರ್ಷ ಎಡಗಡೆಯ ಗೆರೆಗೆ ಅಂಟಿಕೊಂಡೇ ಓಡಿದೆ. ಮೂರು ಕ್ಲಬ್, ಮಂಡಿಗೆ ಎರಡು ಆಪರೇಷನ್. ಈಗ ಮಹಿಳಾ ಟೀಮಿಗೆ ಕೋಚ್. ಪರೀಕ್ಷೆ ಮಾತ್ರ ಅದೇ.

ನಮ್ಮ ಎಡ ವಿಂಗರ್ ಗುಬ್ಬಿಯ ಬೂಟು ಮತ್ತೆ ಚೊಕ್ಕ.

"ಎಲ್ಲಮ್ಮಾ ಸುಣ್ಣ?"

"ಒಳಗೆ ಜಾಗ ಇತ್ತು ಸರ್, ಹೋದೆ."

"ನಿನ್ನ ಜಾಗ ಗೆರೆ. ಊರೆಲ್ಲಾ ಸುತ್ತೋಕೆ ಬಂದಿದ್ದೀಯಾ?"

ತಲೆಯಾಡಿಸಿದಳು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು, ಗೊತ್ತು ನನಗೆ.

ಮಾರ್ಚ್ 9

ಥೂ! ನನ್ನ ಬುದ್ಧಿಗಿಷ್ಟು.

ಮ್ಯಾಚ್ ನಡೆಯುತ್ತಿದೆ, ಚೆಂಡು ನಮ್ಮ ಬೆಂಚಿನ ಕಡೆ ಉರುಳಿ ಬಂತು. ಕಾಲು ತಾನಾಗಿ ಮುಂದೆ ಹೋಯಿತು... ಅಂಗಾಲಲ್ಲಿ ನಿಲ್ಲಿಸಿಬಿಟ್ಟೆ. ಎಷ್ಟು ಚೆನ್ನಾಗಿ ನಿಂತಿತು! ಆದರೆ ಅದಿನ್ನೂ ಗೆರೆ ದಾಟಿರಲಿಲ್ಲ. ಎದುರಾಳಿ ಅದರ ಹಿಂದೆಯೇ ಓಡಿ ಬರುತ್ತಿದ್ದಳು. ಕೋಚ್‌ಗೆ ಕೆಂಪು ಕಾರ್ಡ್.

"ಅಂಕಲ್‌ಗೆ ಇನ್ನೂ ಆಡೋ ಆಸೆ!" ಅಂತ ಸ್ಟ್ಯಾಂಡಿನಿಂದ ಯಾರೋ ಕೂಗಿದರು. ಗುಬ್ಬಿ ಬಾಯಿ ಮುಚ್ಚಿಕೊಂಡು ನಕ್ಕಳು. ಸೋತೆವು.

ಮಾರ್ಚ್ 10

ಕೊನೆಯ ಮ್ಯಾಚಿಗೆ ನನಗೆ ನಿಷೇಧ. ಗೆಲ್ಲದಿದ್ದರೆ ಟೀಮು ಕೆಳಗಿನ ಲೀಗಿಗೆ, ನಾನು ಮನೆಗೆ. ಕ್ಲಬ್ಬಿನ ಸೆಕ್ರೆಟರಿ ನಗುನಗುತ್ತಲೇ ಹೇಳಿದ. ಸ್ಟ್ಯಾಂಡಿನಲ್ಲಿ ಕೂರಬೇಕಂತೆ, ಬೆಂಚಿಗೆ ಒಂದು ಮಾತೂ ಹೇಳುವಂತಿಲ್ಲ.

ಅಸಿಸ್ಟೆಂಟ್ ದಪ್ಪಣ್ಣನಿಗೆ ಮೊದಲೇ ಹೇಳಿದ್ದೇನೆ — ಗುಬ್ಬಿ ಬೇಡ.

"ಇನ್ನೊಂದ್ಸಲ ಯೋಚ್ನೆ ಮಾಡಿ ಗುರುಗಳೇ."

ಯೋಚನೆ ಏನು ಬಂತು? ಸುಣ್ಣ ಇಲ್ಲ, ಮ್ಯಾಚಿಲ್ಲ.

ಮಾರ್ಚ್ 16, ಹಾಫ್ ಟೈಮ್

ಸ್ಟ್ಯಾಂಡಿನ ಮೇಲಿನ ಸಾಲು. ಪಕ್ಕದಲ್ಲಿ ಹೆಂಡತಿ, ಅವಳ ಟೀ ಫ್ಲಾಸ್ಕು. ನಾನು ಆಡಿದಷ್ಟು ವರ್ಷ ಇವಳು ಕೂತ ಜಾಗ. ನಾನು ಇಲ್ಲಿಗೆ ಹತ್ತಿದ್ದು ಇದೇ ಮೊದಲು.

ಒಂದು ಗೋಲು ಹಿಂದಿದ್ದೇವೆ. ಬಾಯಿಗೆ ಬೀಗ. ಅಯ್ಯೋ — ದಪ್ಪಣ್ಣ ಗುಬ್ಬಿಗೆ ವಾರ್ಮ್‌ಅಪ್ ಮಾಡಿಸುತ್ತಿದ್ದಾನೆ! ಇಷ್ಟೇನಾ ನನ್ನ ಮಾತಿಗೆ ಬೆಲೆ? ಇಳಿದು ಹೋಗಿ ಕಪಾಳಕ್ಕೆ... ಇಳಿಯುವಂತಿಲ್ಲ.

ಅದೇ ದಿನ, ಐದೂವರೆ

ಯಾರಿಗೋ ಪೆಟ್ಟು, ಆಟ ನಿಂತಿದೆ. ಬರೆದುಬಿಡುತ್ತೇನೆ.

ಅಬ್ಬಾ! ದಪ್ಪಣ್ಣ ಆಟಕ್ಕಿಳಿಸಿದ ಗುಬ್ಬಿ ಗೆರೆ ಬಿಟ್ಟು ಒಳಕ್ಕೆ ತಿರುಗಿದಳು. ಎದುರಾಳಿಗಳಲ್ಲಿ ಇಬ್ಬರು ಅವಳ ಬೆನ್ನು ಹತ್ತಿದರು. ಎಡಗಡೆ ಇಡೀ ಬಯಲು ತೆರೆದುಕೊಂಡಿತು, ಯಾರೋ ಬಾಗಿಲು ತೆಗೆದ ಹಾಗೆ. ಹಿಂದೆ ಕಾವಲಿದ್ದ ನಮ್ಮ ಬ್ಯಾಕ್ ಆ ಖಾಲಿಗೆ ನುಗ್ಗಿದಳು. ಅಂಚಿನಿಂದ ಗೋಲಿನ ಮುಂದಕ್ಕೆ ಕ್ರಾಸ್. ಗೋಲು! ಗುಬ್ಬಿ ಚೆಂಡು ಮುಟ್ಟಿಯೇ ಇಲ್ಲ. ಎದ್ದು ನಿಂತುಬಿಟ್ಟೆ. ಕೆಳಗೆ ಗೆರೆಯ ಪಕ್ಕ ನಿಂತರೆ ಬರೀ ಕಾಲುಗಳು ಕಾಣುತ್ತವೆ. ಇಲ್ಲಿಂದ ಮೈದಾನ ಎಷ್ಟು ದೊಡ್ಡದು!

"ನೋಡಿದ್ಯಾ?" ಅಂದೆ ಹೆಂಡತಿಗೆ.

"ಹೊಸದೇನ್ರೀ? ನೀವು ಗೆರೇಲಿ ಓಡಿದ್ರೂ ಇಬ್ರು ನಿಮ್ಮ ಹಿಂದೇನೇ ಬರೋರು, ನಡುವೆ ಎಲ್ಲಾ ಖಾಲಿ. ಗೋಲು ಹೊಡೆದೋರಿಗೆ ಚಪ್ಪಾಳೆ. ನಾನು ನಿಮ್ಮನ್ನೇ ನೋಡ್ತಿದ್ದೆ."

"ಯಾವತ್ತೂ ಹೇಳ್ಲೇ ಇಲ್ವಲ್ಲೇ!"

"ಗೊತ್ತಿದ್ದೇ ಓಡ್ತೀರಿ ಅಂದ್ಕೊಂಡಿದ್ದೆ."

ಗೊತ್ತಿರಲಿಲ್ಲ. ಪಾಸ್ ಬಾರದ ದಿನವೆಲ್ಲ ದಂಡಕ್ಕೆ ಓಡಿದೆ ಅಂತ ಮುಖ ಊದಿಸಿಕೊಂಡು ಮನೆಗೆ ಬರುತ್ತಿದ್ದೆ. ಎಷ್ಟು ದಿನ... ಯಾವುದೂ ದಂಡ ಆಗಿರಲಿಲ್ಲ. ಕಣ್ಣು ಮಂಜಾಗಿದೆ.

ಆಟ ಶುರುವಾಯಿತು. ಸಮ ಸಾಲದು, ಇನ್ನೊಂದು ಬೇಕು. ಗುಬ್ಬಿ ಗೆರೆಯಲ್ಲಿದ್ದಾಳೆ. ಬೇಡಮ್ಮ, ಒಳಕ್ಕೆ ಹೋಗು, ಒಳಕ್ಕೆ... ತಿರುಗಿದಳು! ಇಬ್ಬರೂ ಅವಳ ಹಿಂದೆ. ಎಡಗಡೆ ಪೂರ್ತಿ ಖಾಲಿ, ಬ್ಯಾಕ್ ಓಡುತ್ತಿದ್ದಾಳೆ, ಹೆಂಡತಿ ನಾನು ಬರೆಯುತ್ತಿರುವ ಕೈಯನ್ನೇ ಹಿಡಿದು—